ಬಿಟ್ಟಿ ಹೋಟೆಲ್ ಕಾರ್ಡು ಮತ್ತು ನಮ್ಮ ಸಂಘ

ಕಳೆದ ಸರ್ವಸದಸ್ಯರ ಸಭೆ ಮುಗಿದು ಊಟದ ಪಂಕ್ತಿ ಏಳುವ ಹೊತ್ತಿಗೆ ಹಿರಿಯ ಸದಸ್ಯರೊಬ್ಬರು ನಮ್ಮ ಬಳಿಗೆ ಬಂದು ಒಂದು ಪ್ರಶ್ನೆ ಹಾಕಿದರು. ಅವರಿಗೆ ಮೂರೂವರೆ ಎಕರೆ ರೊಬಸ್ಟಾ, ಒಂದೂಕಾಲು ಎಕರೆ ಅಡಿಕೆ. ಮಗಳು, ಅಳಿಯ ಅಮೆರಿಕದಲ್ಲಿದ್ದಾರೆ. ಅಲ್ಲಿಯ ಬೇಸಿಗೆ ಎಂದರೆ ನಮ್ಮ ಜೂನ್ ತಿಂಗಳು. ಕೊಳೆ ಔಷಧಿ ಹೊಡೆಯುವ ಕಾಲದಲ್ಲಿ ತೋಟವನ್ನು ತಮ್ಮನ ಕೈಗೆ ಒಪ್ಪಿಸಿ ಹೆಂಡತಿಯೊಡನೆ ಹೋಗಿಬಂದಿದ್ದರು. ಅಲ್ಲಿ ಊರು ತೋರಿಸಲೆಂದು ಮಗಳು ಐದು ರಾತ್ರಿ ಹೋಟೆಲಿನಲ್ಲಿ ಇಳಿಸಿದಳಂತೆ. ಕೋಣೆಗೆ ದುಡ್ಡು ಕೊಡಲಿಲ್ಲ, ಯಾವುದೋ ಕಾರ್ಡಿನ ಪಾಯಿಂಟು ಕೊಟ್ಟಳು. ಆ ಕಾರ್ಡಿಗೂ ವರ್ಷಕ್ಕೆ ಒಂದು ಕಾಸಿನ ಶುಲ್ಕವಿಲ್ಲ.

"ಬಿಟ್ಟಿ ಅಪ್ಪ ಅಂತಾಳೆ ಮಾರಾಯ್ರೆ. ಬಿಟ್ಟಿ ಸರಿ, ಕೊಡೋನು ಯಾರು ಅಂತ ಕೇಳಿದ್ರೆ ನಗ್ತಾಳೆ. ನೀವಾದ್ರೂ ಹೇಳಿ."

ಅದೇ ಸಭೆಯಲ್ಲಿ, ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರ ವಿಷಯಗಳಲ್ಲಿ, ಇಬ್ಬರು ತರುಣ ಸದಸ್ಯರು ಒಂದು ಸಲಹೆ ಮುಂದಿಟ್ಟಿದ್ದರು. ಯಾವುದಾದರೊಂದು ಬ್ಯಾಂಕಿನ ಜೊತೆ ಸೇರಿ ನಮ್ಮ ಸಂಘವೂ ಇಂಥ ಒಂದು ಪಾಯಿಂಟು ಕಾರ್ಡು ತರಬೇಕು; ಗೊಬ್ಬರ, ಸುಣ್ಣ, ಮೈಲುತುತ್ತ ಕೊಂಡಂತೆಲ್ಲ ಸದಸ್ಯರಿಗೆ ಪಾಯಿಂಟು ಸೇರಬೇಕು; ವರ್ಷದ ಕೊನೆಗೆ ಖರೀದಿಯ ಮೇಲೆ ರಿಯಾಯಿತಿ ಹಂಚುವ ಹಳೇ ಪದ್ಧತಿಯನ್ನು ಬಿಡಬಹುದು ಎಂಬುದು ಅವರ ವಾದ. ವಿದೇಶದಲ್ಲಿ ದೊಡ್ಡ ದೊಡ್ಡ ಹೋಟೆಲುಗಳೇ ಹೀಗೆ ಮಾಡುತ್ತಿವೆ ಎಂದು ಉದಾಹರಣೆಯನ್ನೂ ಕೊಟ್ಟರು. ಸಲಹೆಯು ಆಡಳಿತ ಮಂಡಳಿಯ ಪರಿಶೀಲನೆಗೆ ಹೋಗಿದೆ. ಮಂಡಳಿ ತೀರ್ಮಾನಕ್ಕೆ ಬರುವ ಮೊದಲು ಆ ಹೋಟೆಲ್ ಕಾರ್ಡಿನ ಒಳಲೆಕ್ಕವನ್ನು ಸದಸ್ಯ ಬಾಂಧವರು ತಿಳಿದಿರಲಿ ಎಂದು ಈ ಬರಹ.

ಅಮೆರಿಕದಲ್ಲಿ ಇಂಥ ಶುಲ್ಕವಿಲ್ಲದ ಹೋಟೆಲ್ ಕಾರ್ಡುಗಳು ಹಲವು. ಮ್ಯಾರಿಯಟ್‌ನವರದೊಂದು, ಐ.ಎಚ್.ಜಿ.ಯವರದೊಂದು, ಹಿಲ್ಟನ್‌ನವರದೊಂದು. ನಮ್ಮ ಸದಸ್ಯರ ಮಗಳ ಬಳಿ ಇರುವುದು ಹಿಲ್ಟನ್ ಆನರ್ಸ್ ಅಮೆರಿಕನ್ ಎಕ್ಸ್‌ಪ್ರೆಸ್ ಕಾರ್ಡು. 2024ರಲ್ಲಿ ಇದ್ದ ಅದರ ನಿಯಮಗಳು ಹೀಗೆ: ಹಿಲ್ಟನ್ ಹೋಟೆಲಿನಲ್ಲಿ ಖರ್ಚು ಮಾಡಿದ ಪ್ರತಿ ಡಾಲರಿಗೆ 7 ಪಾಯಿಂಟು. ಅಮೆರಿಕದೊಳಗಿನ ದಿನಸಿ ಮಳಿಗೆ, ಊಟದ ಹೋಟೆಲು, ಪೆಟ್ರೋಲ್ ಬಂಕುಗಳಲ್ಲಿ 5 ಪಾಯಿಂಟು. ಬೇರೆಲ್ಲ ಖರ್ಚಿಗೆ 3. ಹೊಸದಾಗಿ ಕಾರ್ಡು ಪಡೆದವರು ಮೊದಲ ಆರು ತಿಂಗಳಲ್ಲಿ 2,000 ಡಾಲರ್ ಖರ್ಚು ಮಾಡಿದರೆ ಸ್ವಾಗತದ ಉಡುಗೊರೆಯಾಗಿ ಒಮ್ಮೆಗೇ 70,000ದಿಂದ 1,00,000ದವರೆಗೆ ಪಾಯಿಂಟು. ಎಷ್ಟು ಎಂಬುದು ಕಾಲಕಾಲಕ್ಕೆ ಬದಲಾಗುತ್ತದೆ. ಕಾರ್ಡಿನ ಜೊತೆಗೆ 'ಸಿಲ್ವರ್' ಎಂಬ ದರ್ಜೆ ತಾನಾಗಿ ಸಿಗುತ್ತದೆ. ಈ ದರ್ಜೆಯವರು ಪಾಯಿಂಟು ಕೊಟ್ಟು ಐದು ರಾತ್ರಿ ತಂಗಿದರೆ ನಾಲ್ಕು ರಾತ್ರಿಯ ಪಾಯಿಂಟು ಮಾತ್ರ ಕೊಡಬೇಕು. ಬೆಳಗಿನ ಉಪಾಹಾರ ಸಿಗುವುದಿಲ್ಲ, ಅದು ಮೇಲಿನ ದರ್ಜೆಯವರಿಗೆ. ಇವರಿಗೆ ಎರಡು ಬಾಟಲಿ ಕುಡಿಯುವ ನೀರು.

ಈಗ ಮಗಳ ಲೆಕ್ಕ ನೋಡೋಣ. ತಿಂಗಳಿಗೆ ದಿನಸಿ, ಪೆಟ್ರೋಲು, ಹೊರಗಿನ ಊಟಕ್ಕೆ 500 ಡಾಲರ್, ಇತರ ಖರ್ಚಿಗೆ 500 ಡಾಲರ್ ಎಂದಿಟ್ಟುಕೊಳ್ಳಿ. ವರ್ಷಕ್ಕೆ ಮೊದಲನೆಯದರಿಂದ 30,000 ಪಾಯಿಂಟು, ಎರಡನೆಯದರಿಂದ 18,000, ಒಟ್ಟು 48,000. ಎರಡು ವರ್ಷಕ್ಕೆ 96,000. ಸ್ವಾಗತದ 1,00,000 ಸೇರಿಸಿದರೆ 1,96,000. ರಾತ್ರಿಗೆ 40,000 ಪಾಯಿಂಟಿನ ಕೋಣೆ. ಐದನೆಯ ರಾತ್ರಿ ಬಿಟ್ಟು 1,60,000 ಸಂದಾಯ. ಅದೇ ಕೋಣೆಗೆ ತೆರಿಗೆ ಸೇರಿ ರಾತ್ರಿಗೆ 200 ಡಾಲರ್ ಇತ್ತಂತೆ. ಅಂದರೆ 1,000 ಡಾಲರಿನ ವಾಸ ಕೈಯಿಂದ ಒಂದು ಡಾಲರೂ ಕೊಡದೆ ಆಯಿತು. ಮಗಳು ಸುಳ್ಳು ಹೇಳಿಲ್ಲ. ಆದರೆ ಅಪ್ಪನ ಪ್ರಶ್ನೆಗೆ ಉತ್ತರವನ್ನೂ ಹೇಳಿಲ್ಲ.

ಕೊಡುವವರು ಯಾರು? ಮೊದಲನೆಯವನು ಅಂಗಡಿಕಾರ. ಅಮೆರಿಕದಲ್ಲಿ ಗಿರಾಕಿ 100 ಡಾಲರನ್ನು ಕಾರ್ಡಿನಲ್ಲಿ ತೆತ್ತರೆ ಅಂಗಡಿಯವನ ಕೈಗೆ ಬರುವುದು 97 ಅಥವಾ 98. ಉಳಿದದ್ದು ಕಾರ್ಡು ಕೊಟ್ಟ ಬ್ಯಾಂಕು, ಕಾರ್ಡಿನ ಜಾಲ ನಡೆಸುವ ಕಂಪನಿ ಮುಂತಾದವರ ನಡುವೆ ಹಂಚಿಹೋಗುತ್ತದೆ. ಪಾಯಿಂಟಿನ ಖರ್ಚು ಹುಟ್ಟುವುದು ಇಲ್ಲಿಂದ. ಅಂಗಡಿಯವನು ಇದನ್ನು ತನ್ನ ಲಾಭದಿಂದ ಕೊಡುತ್ತಾನೆಂದು ನಾವು ತಿಳಿಯಬೇಕಾಗಿಲ್ಲ. ಅಕ್ಕಿಯ ಬೆಲೆಯಲ್ಲಿ, ಹಾಲಿನ ಬೆಲೆಯಲ್ಲಿ ಸೇರಿಸುತ್ತಾನೆ. ಆ ಬೆಲೆಯನ್ನು ಕಾರ್ಡಿಲ್ಲದೆ ನೋಟು ಎಣಿಸಿ ಕೊಡುವವನೂ ತೆರುತ್ತಾನೆ, ಅವನಿಗೆ ಪಾಯಿಂಟು ಮಾತ್ರ ಇಲ್ಲ. ಬಾಸ್ಟನ್ ನಗರದ ಫೆಡರಲ್ ರಿಸರ್ವ್ ಬ್ಯಾಂಕಿನ ಅರ್ಥಶಾಸ್ತ್ರಜ್ಞರು 2010ರಲ್ಲಿ ಇದರ ಅಂದಾಜು ಹಾಕಿದ್ದರು. ನಗದು ಬಳಸುವ ಸರಾಸರಿ ಮನೆಯೊಂದು ವರ್ಷಕ್ಕೆ 149 ಡಾಲರನ್ನು ಕಾರ್ಡು ಬಳಸುವವರ ಕಡೆಗೆ ದಾಟಿಸುತ್ತದೆ, ಕಾರ್ಡು ಬಳಸುವ ಸರಾಸರಿ ಮನೆ 1,133 ಡಾಲರ್ ಪಡೆಯುತ್ತದೆ ಎಂದು ಅವರ ಲೆಕ್ಕ. ನಗದಿನವರು ಬಹುಮಟ್ಟಿಗೆ ಬಡವರು, ಕಾರ್ಡಿನವರು ಬಹುಮಟ್ಟಿಗೆ ಉಳ್ಳವರು. ನಮ್ಮ ಸದಸ್ಯರು ತಂಗಿದ ಕೋಣೆಯ ಬಾಡಿಗೆಯಲ್ಲಿ ಯಾವನೋ ಕೂಲಿಯವನ ಪಾಲೂ ಇದ್ದೀತು ಎಂದರೆ ಅತಿಶಯೋಕ್ತಿಯಲ್ಲ.

ಎರಡನೆಯವನು ಬಾಕಿ ಉಳಿಸಿಕೊಳ್ಳುವ ಕಾರ್ಡುದಾರ. ಗಡುವಿನೊಳಗೆ ಪೂರ್ತಿ ಕಟ್ಟಿದವರಿಗೆ ಬಡ್ಡಿಯಿಲ್ಲ. ಉಳಿಸಿಕೊಂಡವರಿಗೆ ಅಮೆರಿಕದಲ್ಲಿ ವರ್ಷಕ್ಕೆ ನೂರಕ್ಕೆ 20ಕ್ಕೂ ಮೇಲೆ. ನೂರಕ್ಕೆ 21 ಎಂದು ಹಿಡಿದರೆ, 2,000 ಡಾಲರ್ ಬಾಕಿಯನ್ನು ಒಂದು ವರ್ಷ ಎಳೆದವನು 420 ಡಾಲರ್ ಬಡ್ಡಿ ಕಟ್ಟುತ್ತಾನೆ. ಮೇಲೆ ಹೇಳಿದ ಮಗಳ ಒಂದು ವರ್ಷದ 48,000 ಪಾಯಿಂಟಿಗೆ ಬೆಲೆ ಕಟ್ಟಿದರೆ ಸುಮಾರು 240 ಡಾಲರ್. ಶುಲ್ಕವಿಲ್ಲದ ಕಾರ್ಡನ್ನು ಬ್ಯಾಂಕು ಯಾಕೆ ಕೊಡುತ್ತದೆ ಎಂಬುದಕ್ಕೆ ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಸಾಕು. ಮಳೆಗಾಲದಲ್ಲಿ ಬಡ್ಡಿಯಿಲ್ಲದ ಮುಂಗಡ ಕೊಟ್ಟು, ಅಡಿಕೆ ಮಂಡಿಗೆ ಬಂದಾಗ ತೂಕದಲ್ಲೂ ದರದಲ್ಲೂ ಮುರಿದುಕೊಳ್ಳುತ್ತಿದ್ದ ಸಾಹುಕಾರರನ್ನು ಕಂಡ ನಮಗೆ ಇದು ಹೊಸ ವಿದ್ಯೆಯಲ್ಲ.

ಇನ್ನು ಹೋಟೆಲಿನವರು. ಪಾಯಿಂಟನ್ನು ಹೋಟೆಲು ಬ್ಯಾಂಕಿಗೆ ಬಿಟ್ಟಿ ಕೊಡುವುದಿಲ್ಲ, ಮಾರುತ್ತದೆ. ಹಣ ಇವತ್ತೇ ಹೋಟೆಲಿನ ಕೈಸೇರುತ್ತದೆ, ಕೋಣೆ ಕೊಡುವುದು ಎಂದೋ ಒಂದು ದಿನ. ಕೆಲವರು ಕೊಡುವ ಮೊದಲೇ ಪಾಯಿಂಟು ಕಳೆದುಕೊಳ್ಳುತ್ತಾರೆ. ಖಾತೆಯಲ್ಲಿ 24 ತಿಂಗಳು ಯಾವ ಚಲನವಲನವೂ ಇಲ್ಲದಿದ್ದರೆ ಹಿಲ್ಟನ್ ಪಾಯಿಂಟು ರದ್ದಾಗುತ್ತದೆ ಎಂಬುದು ನಿಯಮ. ಹೋಟೆಲಿನ ಹೆಸರು ದೊಡ್ಡ ಕಂಪನಿಯದಾದರೂ ಕಟ್ಟಡ ಸಾಮಾನ್ಯವಾಗಿ ಬೇರೆಯವರದು. ಅಮೆರಿಕದ ಹೋಟೆಲುಗಳಲ್ಲಿ ನೂರಕ್ಕೆ 60ರಷ್ಟು ತಮ್ಮ ಸದಸ್ಯರವು ಎಂದು ಅಲ್ಲಿಯ ಭಾರತೀಯ ಮೂಲದ ಹೋಟೆಲ್ ಮಾಲೀಕರು 1989ರಲ್ಲಿ ಕಟ್ಟಿಕೊಂಡ ಸಂಘ ಹೇಳಿಕೊಳ್ಳುತ್ತದೆ. ಅವರಲ್ಲಿ ಗುಜರಾತಿನ ಪಟೇಲರೇ ಹೆಚ್ಚು. ಪಾಯಿಂಟಿನ ಅತಿಥಿ ಬಂದಾಗ ಕಂಪನಿಯು ಕಟ್ಟಡದ ಮಾಲೀಕನಿಗೆ ಒಂದು ಮೊತ್ತ ಕೊಡುತ್ತದೆ. ಹೋಟೆಲು ಖಾಲಿ ಹೊಡೆಯುವ ದಿನ ಆ ಮೊತ್ತ ಸಣ್ಣದು, ಹೆಚ್ಚುಕಡಿಮೆ ಭರ್ತಿಯಾದ ದಿನ ಮಾಮೂಲಿ ಬಾಡಿಗೆಗೆ ಹತ್ತಿರದ್ದು. ಖಾಲಿ ಬಿದ್ದ ಕೋಣೆಯನ್ನು ಕಡಿಮೆ ಖರ್ಚಿನಲ್ಲಿ ತುಂಬಿಸುವ ಉಪಾಯವೂ ಇದರಲ್ಲಿದೆ.

ಹೋಂ ಸ್ಟೇ ನಡೆಸುವ ನಮ್ಮ ಸದಸ್ಯರಿಗೆ ಇನ್ನೊಂದು ಕಾರಣ ಬೇಗ ಅರ್ಥವಾದೀತು. ಕೋಣೆ ಕಾದಿರಿಸಿಕೊಡುವ ಮಧ್ಯವರ್ತಿ ಕಂಪನಿಗಳು ಬಾಡಿಗೆಯಲ್ಲಿ ದೊಡ್ಡ ಪಾಲು ಮುರಿದುಕೊಳ್ಳುತ್ತವೆ. ಪಾಯಿಂಟಿನ ಆಸೆಗೆ ಅತಿಥಿ ನೇರವಾಗಿ ಹೋಟೆಲಿಗೇ ಬಂದರೆ ಆ ದಲ್ಲಾಳಿ ಉಳಿಯಿತು. ಹೋದ ಸಲ ಬಂದ ಅತಿಥಿಗೆ ಒಂದು ಕಿಲೋ ಕಾಫಿಪುಡಿ, ಒಂದು ಬಾಟಲಿ ಜೇನು ಕಟ್ಟಿಕೊಟ್ಟು "ಮುಂದಿನ ಸಲ ನಮಗೇ ಫೋನ್ ಮಾಡಿ ಬನ್ನಿ" ಎನ್ನುವವರು ನಮ್ಮಲ್ಲೇ ಇದ್ದಾರೆ. ಹಿಲ್ಟನ್‌ನವರು ಮಾಡುವುದೂ ಅದನ್ನೇ. ವ್ಯತ್ಯಾಸವೆಂದರೆ ನಮ್ಮ ಜೇನು ಇವತ್ತೇ ಅತಿಥಿಯ ಚೀಲ ಸೇರುತ್ತದೆ.

ಶುಲ್ಕವಿಲ್ಲದ ಕಾರ್ಡು ಮೊದಲ ಮೆಟ್ಟಿಲು ಎಂಬುದನ್ನೂ ಗಮನಿಸಬೇಕು. ಇದೇ ಹಿಲ್ಟನ್‌ಗೆ ಮೇಲಿನ ಎರಡು ಕಾರ್ಡುಗಳಿವೆ. 2023ರ ಅಕ್ಟೋಬರಿನಲ್ಲಿ ಒಂದರ ವಾರ್ಷಿಕ ಶುಲ್ಕ 95 ಡಾಲರಿನಿಂದ 150ಕ್ಕೆ, ಇನ್ನೊಂದರದು 450ರಿಂದ 550ಕ್ಕೆ ಏರಿತು. ಕೆಳಗಿನ ಮೆಟ್ಟಿಲಿನಲ್ಲಿ ನೀರಿನ ಬಾಟಲಿ ಕುಡಿದವನು ಮೇಲಿನ ಮೆಟ್ಟಿಲಿನ ಉಪಾಹಾರದ ವಾಸನೆ ಹಿಡಿದು ಏರಲಿ ಎಂಬ ಏರ್ಪಾಡು ಇದು. ಅಲ್ಲಿಯೇ ನಿಲ್ಲಬಲ್ಲವರಿಗೆ ತೊಂದರೆಯಿಲ್ಲ.

ಇಷ್ಟು ಹೇಳಿದ್ದರಿಂದ ಕಾರ್ಡು ಮೋಸ ಎಂದು ಯಾರೂ ತಿಳಿಯಬಾರದು. ಪ್ರತಿ ತಿಂಗಳು ಪೂರ್ತಿ ಕಟ್ಟುವ ಮಗಳಿಗೆ ಅದರಿಂದ ಲಾಭವೇ. ಶುಲ್ಕವಿಲ್ಲದ್ದರಿಂದ ಹತ್ತಾರು ವರ್ಷ ಇಟ್ಟುಕೊಂಡರೂ ನಷ್ಟವಿಲ್ಲ, ಹಳೆಯ ಖಾತೆ ಇದ್ದಷ್ಟೂ ಅಲ್ಲಿ ಮನೆಸಾಲ ಕೇಳುವಾಗ ಹೆಸರು ಚೆನ್ನಾಗಿರುತ್ತದೆ. ವಿದೇಶದಲ್ಲಿ ಬಳಸಿದರೂ ಹೆಚ್ಚುವರಿ ಶುಲ್ಕ ಹಾಕದಿರುವುದು ಇಂಥ ಕಾರ್ಡಿನಲ್ಲಿ ಒಳ್ಳೆಯ ಗುಣ. ಆಕೆ ಊರಿಗೆ ಬಂದಾಗ ಬೆಂಗಳೂರಿನ ಅಂಗಡಿಯಲ್ಲೂ ಬಳಸಬಹುದು. ದಿನಸಿಯ 5 ಪಾಯಿಂಟು ಅಮೆರಿಕದ ಅಂಗಡಿಗೆ ಮಾತ್ರ, ಇಲ್ಲಿ 3.

ಆದರೆ ಪಾಯಿಂಟು ಹಣವಲ್ಲ. ನಮ್ಮ ಮಾತಿನ ಗಟ್ಟಿ ಇರುವುದು ಇಲ್ಲಿಯೇ. ಹಿಲ್ಟನ್ ಪಾಯಿಂಟಿಗೆ ತಿಳಿದವರು ಕಟ್ಟುವ ಬೆಲೆ ಸುಮಾರು ಅರ್ಧ ಸೆಂಟು. ಕಂಪನಿಯು ತಾನೇ ಮಾರುವಾಗ ಪಟ್ಟಿಯ ದರ ಒಂದು ಸೆಂಟು, ಒಂದಕ್ಕೊಂದು ಬೋನಸ್ ಇರುವಾಗ ಅದೂ ಅರ್ಧಕ್ಕೇ ಬಂದು ನಿಲ್ಲುತ್ತದೆ. ಅರ್ಧ ಸೆಂಟಿನ ಲೆಕ್ಕದಲ್ಲಿ ಮಗಳ ವರ್ಷದ 12,000 ಡಾಲರ್ ಖರ್ಚಿಗೆ ಬಂದ 48,000 ಪಾಯಿಂಟು 240 ಡಾಲರ್. ಅದೇ ದೇಶದಲ್ಲಿ ವಾರ್ಷಿಕ ಶುಲ್ಕವಿಲ್ಲದೆಯೇ ನೂರಕ್ಕೆ 2ರಂತೆ ನಗದು ಮರಳಿಸುವ ಕಾರ್ಡುಗಳಿವೆ. 12,000ಕ್ಕೆ ನೂರಕ್ಕೆ 2 ಎಂದರೂ 240 ಡಾಲರೇ! ಎರಡೂ ಸಮ ಅಲ್ಲವೇ ಎಂದು ಕೇಳಬಹುದು. ನಗದು 240 ಡಾಲರಿನಿಂದ ಹೋಟೆಲಿನ ಕೋಣೆಯನ್ನೂ ಹಿಡಿಯಬಹುದು, ಮಗುವಿನ ಶಾಲೆಗೂ ಕಟ್ಟಬಹುದು, ಅಪ್ಪನ ಖಾತೆಗೂ ಕಳುಹಿಸಬಹುದು. ಪಾಯಿಂಟಿನಿಂದ ಒಂದೇ ಕೆಲಸ. ಸ್ವಾಗತದ 1,00,000 ಬಿಟ್ಟರೆ, ಮತ್ತು ಅದು ಜೀವಮಾನಕ್ಕೆ ಒಮ್ಮೆ ಮಾತ್ರ, ಈ ಕಾರ್ಡಿನಲ್ಲಿ ಬೆರಗುಪಡುವಂಥದ್ದು ಹೆಚ್ಚೇನಿಲ್ಲ.

ಅದಕ್ಕಿಂತ ಮುಖ್ಯವಾದುದು, ಪಾಯಿಂಟಿನ ಬೆಲೆ ಯಾರ ಕೈಯಲ್ಲಿದೆ ಎಂಬುದು. ಮೊದಲು ಯಾವ ಹೋಟೆಲಿಗೆ ಎಷ್ಟು ಪಾಯಿಂಟು ಎಂಬ ಪಟ್ಟಿಯನ್ನು ಕಂಪನಿಗಳು ಪ್ರಕಟಿಸುತ್ತಿದ್ದವು. ಹಿಲ್ಟನ್ 2017ರಲ್ಲಿ ಪಟ್ಟಿಯನ್ನೇ ಕೈಬಿಟ್ಟಿತು, ಮ್ಯಾರಿಯಟ್ 2022ರಲ್ಲಿ. ಅಲ್ಲಿಂದಾಚೆ ಪಾಯಿಂಟಿನ ದರ ಕೋಣೆಯ ಬೇಡಿಕೆಯಂತೆ ಏರಿಳಿಯುತ್ತದೆ. 2017ರ ಸುಮಾರಿಗೆ ಹಿಲ್ಟನ್‌ನ ಅತ್ಯಂತ ದುಬಾರಿ ಹೋಟೆಲಿನ ಸಾಮಾನ್ಯ ಕೋಣೆಗೆ ರಾತ್ರಿಗೆ 95,000 ಪಾಯಿಂಟು ಇದ್ದದ್ದು 2023ರ ಹೊತ್ತಿಗೆ 1,50,000 ಆಗಿತ್ತು. ಪಾಯಿಂಟು ಕೂಡಿಟ್ಟವನನ್ನು ಯಾರೂ ಕೇಳಲಿಲ್ಲ. ಕೇಳಬೇಕೆಂಬ ನಿಯಮವೂ ಇಲ್ಲ.

ನಮ್ಮ ಹಿರಿಯ ಕಾಫಿ ಬೆಳೆಗಾರರಿಗೆ ಪಾಯಿಂಟು ಎಂದ ಕೂಡಲೇ ಬೇರೆಯೇ ನೆನಪು ಬಂದಿರಬೇಕು. ಪೂಲ್ ಪದ್ಧತಿಯ ಕಾಲದಲ್ಲಿ ಬೆಳೆದ ಕಾಫಿಯನ್ನು ಬೋರ್ಡಿಗೇ ಒಪ್ಪಿಸಬೇಕಿತ್ತು. ಕ್ಯೂರಿಂಗ್ ವರ್ಕ್ಸಿನಲ್ಲಿ ದರ್ಜೆ ಬಿದ್ದ ಮೇಲೆ ದರ್ಜೆಗೆ ತಕ್ಕ ಪಾಯಿಂಟು. ಪಾಯಿಂಟಿಗೆ ಇಷ್ಟು ರೂಪಾಯಿ ಎಂದು ಬೋರ್ಡು ಸಾರಿದ ಮೇಲೆ ಕಂತು ಕಂತಾಗಿ ಹಣ. ಕೊನೆಯ ಕಂತು ಬರುವಷ್ಟರಲ್ಲಿ ಮುಂದಿನ ಬೆಳೆ ಕಣದಲ್ಲಿ ಒಣಗುತ್ತಿರುತ್ತಿತ್ತು. ಮಗಳ ಮದುವೆ ಗೊತ್ತುಮಾಡಿ, ಪಾಯಿಂಟಿಗೆ ಎಷ್ಟು ಬೀಳುತ್ತದೋ ಎಂದು ಕಾದು ಕುಳಿತವರು ನಮ್ಮಲ್ಲಿ ಇನ್ನೂ ಇದ್ದಾರೆ. ತನ್ನ ಮಾಲಿನ ಬೆಲೆಯನ್ನು ಇನ್ನೊಬ್ಬರು ಆಮೇಲೆ ಗೊತ್ತುಮಾಡುವುದು ಎಂದರೇನೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಅಲ್ಲಿ 1942ರ ಕಾಫಿ ಕಾಯಿದೆ ಇತ್ತು, ಪೂಲಿನ ಹಣ ಬೆಳೆಗಾರನಿಗೇ ಸಲ್ಲಬೇಕೆಂಬ ಕಟ್ಟು ಇತ್ತು, ಪಾರ್ಲಿಮೆಂಟಿನಲ್ಲಿ ಪ್ರಶ್ನೆ ಕೇಳಲು ಅವಕಾಶವಿತ್ತು. ಹೋಟೆಲಿನ ಪಾಯಿಂಟಿಗೆ ಇವು ಯಾವುವೂ ಇಲ್ಲ. ಪೂಲ್ ಪದ್ಧತಿ 1990ರ ದಶಕದಲ್ಲಿ ಹಂತ ಹಂತವಾಗಿ ಸಡಿಲಗೊಂಡು 1996ರಲ್ಲಿ ಪೂರ್ತಿ ಮುಗಿಯಿತು. ಅದರ ಸಾಧಕ ಬಾಧಕಗಳ ಚರ್ಚೆ ಇಲ್ಲಿ ಬೇಡ.

ಈಗ ನಮ್ಮ ತರುಣ ಸದಸ್ಯರ ಸಲಹೆ. ಅವರ ಉತ್ಸಾಹವನ್ನು ನಾವು ಮೆಚ್ಚುತ್ತೇವೆ, ಸಲಹೆಯನ್ನು ಒಪ್ಪುವುದಿಲ್ಲ. ಇಂಗ್ಲೆಂಡಿನ ರಾಚ್‌ಡೇಲ್‌ನ ನೇಕಾರರು 1844ರಲ್ಲಿ ಅಂಗಡಿ ತೆರೆದಾಗಿನಿಂದ, ಸದಸ್ಯನು ಎಷ್ಟು ಕೊಂಡನೋ ಅದಕ್ಕೆ ತಕ್ಕಂತೆ ಉಳಿತಾಯವನ್ನು ಮರಳಿಸುವುದು ಸಹಕಾರದ ದಾರಿ. ನಮ್ಮ ವರ್ಷಾಂತ್ಯದ ರಿಯಾಯಿತಿಯೂ ಅದೇ ಬಳ್ಳಿಯದು. ಅದರ ದರ ಗೊತ್ತುಮಾಡುವವರು ಸರ್ವಸದಸ್ಯರ ಸಭೆಯಲ್ಲಿ ಕೈ ಎತ್ತುವ ನಾವೇ. ಕೊಡುವುದು ರೂಪಾಯಿಯಲ್ಲಿ. ಒಂದು ವರ್ಷ ಕಡಿಮೆಯಾದರೆ ಕಾರ್ಯದರ್ಶಿಯವರನ್ನು ನಿಲ್ಲಿಸಿ ಕೇಳಬಹುದು, ಕೇಳಿದ್ದೂ ಉಂಟು. ಎರಡು ವರ್ಷದ ಹಿಂದಿನ ಸಭೆ ಊಟ ತಣ್ಣಗಾಗುವವರೆಗೂ ನಡೆದದ್ದು ಯಾರಿಗೂ ಮರೆತಿರಲಾರದು. ಅದನ್ನು ಪಾಯಿಂಟಾಗಿ ಮಾಡಿ ಬ್ಯಾಂಕಿನ ಕೈಗೆ ಕೊಟ್ಟರೆ ದರ ಬದಲಾದ ದಿನ ನಾವು ಯಾರನ್ನು ಕೇಳುವುದು?

ಖರ್ಚಿನ ಮಾತೂ ಇದೆ. ಸಂಘದ ಕೌಂಟರಿನಲ್ಲಿ ಹೆಚ್ಚಿನವರು ಈಗ ಫೋನಿನಿಂದಲೇ ಯು.ಪಿ.ಐ. ಮೂಲಕ ಕಟ್ಟುತ್ತಾರೆ. 2020ರ ಜನವರಿಯಲ್ಲಿ ಕೇಂದ್ರ ಸರ್ಕಾರ ಯು.ಪಿ.ಐ. ಮೇಲಿನ ಅಂಗಡಿಯ ಶುಲ್ಕವನ್ನು ತೆಗೆದುಹಾಕಿದ್ದರಿಂದ ಸಂಘಕ್ಕೆ ಪೂರ್ತಿ ಹಣ ಬರುತ್ತದೆ. ಅದೇ ವ್ಯವಹಾರ ಕ್ರೆಡಿಟ್ ಕಾರ್ಡಿನಲ್ಲಿ ನಡೆದರೆ ನೂರಕ್ಕೆ ಒಂದೂವರೆ ಎರಡು ರೂಪಾಯಿ ಹೊರಗೆ ಹೋಗುತ್ತದೆ. ನೂರಕ್ಕೆ 2 ಎಂದರೆ ಒಂದು ಲಕ್ಷದ ಗೊಬ್ಬರಕ್ಕೆ 2,000 ರೂಪಾಯಿ. ಗೊಬ್ಬರದಲ್ಲಿ ಸಂಘಕ್ಕೆ ಉಳಿಯುವ ಅಂಚು ಎಷ್ಟೆಂದು ಲೆಕ್ಕಪತ್ರ ನೋಡಿದವರಿಗೆ ಗೊತ್ತು. ನಮ್ಮ ಹಣವನ್ನೇ ಹೊರಗೆ ಕಳುಹಿಸಿ, ಅದರಲ್ಲಿ ಒಂದು ಪಾಲನ್ನು ಪಾಯಿಂಟಿನ ರೂಪದಲ್ಲಿ ವಾಪಸು ಪಡೆದು ಸಂತೋಷಪಡುವ ಅಗತ್ಯ ನಮಗೆ ಕಾಣುವುದಿಲ್ಲ. ಜೊತೆಗೆ ನಮ್ಮ ದೇಶದ ಕಾರ್ಡುಗಳಲ್ಲಿ ಬಾಕಿಯ ಬಡ್ಡಿ ತಿಂಗಳಿಗೇ ನೂರಕ್ಕೆ ಮೂರೂವರೆಯಷ್ಟು ಇರುವುದುಂಟು. ವರ್ಷಕ್ಕೆ ನಲವತ್ತು ದಾಟುತ್ತದೆ. ನಮ್ಮ ಆದಾಯ ವರ್ಷಕ್ಕೊಮ್ಮೆ, ಕಾರ್ಡಿನ ಗಡುವು ತಿಂಗಳಿಗೊಮ್ಮೆ. ಆಗಸ್ಟಿನಲ್ಲಿ ಕೊಂಡ ಗೊಬ್ಬರದ ಹಣವನ್ನು ಫೆಬ್ರವರಿಯಲ್ಲಿ ಅಡಿಕೆ ಮಾರಿ ಕಟ್ಟುವವನು ಪಾಯಿಂಟು ಎಣಿಸುವ ಸ್ಥಿತಿಯಲ್ಲಿರುವುದಿಲ್ಲ.

ಪಟ್ಟಣದ ಬ್ಯಾಂಕುಗಳಿಂದ "ಜೀವನಪೂರ್ತಿ ಬಿಟ್ಟಿ ಕಾರ್ಡು" ಎಂದು ಫೋನು ಬರುವುದು ಈಗ ನಿತ್ಯದ ಮಾತಾಗಿದೆ. ಇದರ ಬಗೆಗೂ ಎರಡು ಮಾತು. ನಮ್ಮ ದೇಶದಲ್ಲಿ 2023ರಲ್ಲಿ ಬಂದ ಮ್ಯಾರಿಯಟ್ ಹೋಟೆಲಿನ ಕಾರ್ಡಿಗೆ ವರ್ಷಕ್ಕೆ 3,000 ರೂಪಾಯಿ ಮತ್ತು ತೆರಿಗೆ ಇತ್ತು. ಅಮೆರಿಕದ ಕಥೆ ಕೇಳಿ ಇಲ್ಲಿಯೂ ಹಾಗೆಯೇ ಎಂದು ತಿಳಿದು ಸಹಿ ಹಾಕಬೇಡಿ. ಕೇಳದೆ ಕಾರ್ಡು ಕೊಡಕೂಡದು, ಕೊಟ್ಟು ಶುಲ್ಕ ಹಾಕಿದರೆ ಆ ಶುಲ್ಕವನ್ನು ಮರಳಿಸಿ ಅದರ ಎರಡರಷ್ಟು ದಂಡವನ್ನೂ ತೆರಬೇಕು ಎಂದು ರಿಸರ್ವ್ ಬ್ಯಾಂಕು 2022ರಲ್ಲಿ ನಿರ್ದೇಶನ ಹೊರಡಿಸಿದೆ. ಬಾಕಿಯಿಲ್ಲದ ಕಾರ್ಡನ್ನು ಮುಚ್ಚಿ ಎಂದು ಕೇಳಿದ ಮೇಲೆ ಏಳು ಕೆಲಸದ ದಿನಗಳಲ್ಲಿ ಮುಚ್ಚದಿದ್ದರೆ ದಿನಕ್ಕೆ 500 ರೂಪಾಯಿ ದಂಡ ಎಂದೂ ಅದರಲ್ಲಿದೆ. ಅರ್ಜಿ ಬರೆಯಲು ತೊಡಕಾದವರು ಸಂಘದ ಕಚೇರಿಗೆ ಬಂದರೆ ಗುಮಾಸ್ತರು ಬರೆದುಕೊಡುತ್ತಾರೆ.

ವಿದೇಶದಲ್ಲಿರುವ ಮಕ್ಕಳು ಪಾಯಿಂಟಿನ ಕೋಣೆಗೆ ಕರೆದರೆ ಸಂತೋಷವಾಗಿ ಹೋಗಿಬನ್ನಿ. ತಿಂಗಳ ಬಿಲ್ಲು ಪೂರ್ತಿ ಕಟ್ಟುತ್ತಿದ್ದೀಯಾ ಎಂದು ಮಾತ್ರ ಒಮ್ಮೆ ಕೇಳಿ. ಆ ಹಿರಿಯ ಸದಸ್ಯರಿಗೂ ನಾವು ಇಷ್ಟನ್ನೇ ಹೇಳಿದೆವು. ಅವರು ಅಂದೇ ರಾತ್ರಿ ಮಗಳಿಗೆ ಫೋನು ಮಾಡಿ ಕೇಳಿದರಂತೆ. ಪೂರ್ತಿ ಕಟ್ಟುತ್ತಿದ್ದಾಳೆ. ಇನ್ನೂ 36,000 ಪಾಯಿಂಟು ಉಳಿದಿದೆ, ಬರುವ ಜೂನ್‌ನಲ್ಲಿ ಮತ್ತೆ ಬನ್ನಿ ಎಂದಳಂತೆ. ಇವರು, ದರ ಏರುವ ಮೊದಲು ನೀವೇ ಎಲ್ಲಾದರೂ ಹೋಗಿ ಬಳಸಿಬಿಡಿ, ಈ ಸಲ ಕೊಳೆ ಔಷಧಿ ಹೊಡೆಸದೆ ನಾನು ತೋಟ ಬಿಟ್ಟು ಬರುವವನಲ್ಲ ಎಂದರಂತೆ.